ಹಿಲ್ಸ್‌ಬರೋ ಸುತ್ತ ಕ್ರಿಸ್‌ಮಸ್ ಮರ: ಯಾವ ಜಾತಿ, ಯಾವಾಗ, ಕಡಿಯುವುದು ಹೇಗೆ?

ಮಲ್ಲಿಗೆಬಳ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಆಗಸ್ಟಿನಲ್ಲಿ ಡಲ್ಲಾಸ್ ಬಿಟ್ಟು ಒರೆಗಾನಿನ ಹಿಲ್ಸ್‌ಬರೋಗೆ ಬಂದಿದ್ದೇವೆ. ಇದುವರೆಗೆ ನಮ್ಮ ಮನೆಯ ಕ್ರಿಸ್‌ಮಸ್ ಎಂದರೆ ಕಿಟಕಿಗೆ ದೀಪದ ಸರ, ಒಂದು ಪ್ಲಮ್ ಕೇಕು, ಅಷ್ಟೇ. ಈಗ ನಾಲ್ಕನೇ ತರಗತಿಯಲ್ಲಿರುವ ಮಗಳಿಗೆ ಮರವೇ ಬೇಕು. ಅದೂ ಅಂಗಡಿಯ ಮುಂದೆ ಒರಗಿಸಿಟ್ಟಿರುವುದಲ್ಲ, ತಾನೇ ಗರಗಸ ಹಿಡಿದು ಕಡಿದದ್ದು. ಅವಳ ಗೆಳತಿಯರೆಲ್ಲ ನವೆಂಬರಿನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್‌ನ ಮರುದಿನ ತೋಟಕ್ಕೆ ಹೋಗುತ್ತಾರಂತೆ. ನಾರ್ತ್ ಪ್ಲೇನ್ಸ್, ಗ್ಯಾಸ್ಟನ್, ಶೆರ್‌ವುಡ್ ಕಡೆ ಹೋದರೆ ರಸ್ತೆ ಬದಿಯಲ್ಲಿ ಇಂಥ ತೋಟಗಳ ಫಲಕಗಳು ಸಾಲಾಗಿ ಕಾಣುತ್ತವೆ, ಆದ್ದರಿಂದ ಜಾಗಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ನಮ್ಮ ತಿಳಿವಳಿಕೆಗೆ.

ನಮ್ಮದು ಬಾಡಿಗೆ ಮನೆ, ಹಜಾರದ ಚಾವಣಿ ಎಂಟು ಅಡಿ. ಕಾರು ಚಿಕ್ಕ ಸೆಡಾನ್. ನನ್ನ ಗಂಡ ಗರಗಸ ಹಿಡಿದದ್ದನ್ನು ನಾನಂತೂ ಕಂಡಿಲ್ಲ. ಫಲಕಗಳಲ್ಲಿ ನೋಬಲ್ ಫರ್, ಡಗ್ಲಸ್ ಫರ್, ಗ್ರ್ಯಾಂಡ್ ಫರ್, ನಾರ್ಡ್‌ಮನ್ ಎಂದೆಲ್ಲ ಬರೆದಿರುತ್ತದೆ, ನನ್ನ ಕಣ್ಣಿಗೆ ಎಲ್ಲವೂ ಒಂದೇ ಹಸಿರು. ಯಾವುದನ್ನು ತರಬೇಕು? ಯಾವಾಗ ಹೋಗಬೇಕು? ತಂದಮೇಲೆ ಎಷ್ಟು ದಿನ ನಿಲ್ಲುತ್ತದೆ?

ಇದಕ್ಕಿಂತ ದೊಡ್ಡ ತೊಡಕು ಮನೆಯೊಳಗೇ ಇದೆ. ಅತ್ತೆಯವರು ಮೈಸೂರಿನಿಂದ ಬಂದಿದ್ದಾರೆ, ಸಂಕ್ರಾಂತಿ ಮುಗಿಸಿಕೊಂಡು ಹೋಗುತ್ತಾರೆ. ಕ್ರಿಸ್‌ಮಸ್ ಮಾಡುವುದಕ್ಕೆ ಅವರ ತಕರಾರಿಲ್ಲ, ಮೈಸೂರಿನಲ್ಲಿ ವರ್ಷವರ್ಷವೂ ಸಂತ ಫಿಲೋಮಿನಾ ಚರ್ಚಿಗೆ ದೀಪ ನೋಡಲು ಹೋಗುತ್ತಿದ್ದವರು. ಆದರೆ, "ಬೆಳೆದು ನಿಂತ ಮರವನ್ನು ಬುಡಸಮೇತ ಕಡಿದು, ಮೂರು ವಾರ ಆಟವಾಡಿ, ಆಮೇಲೆ ಬೀದಿಗೆ ಎಸೆಯುವುದು ಯಾವ ಸಂಭ್ರಮ?" ಎಂದು ಕೇಳುತ್ತಾರೆ. ನನ್ನ ಬಳಿ ಉತ್ತರವಿಲ್ಲ. ನಿಮ್ಮಲ್ಲಿ ಯಾರ ಬಳಿಯಾದರೂ ಇದೆಯೇ?

ಲೆಕ್ಕಿಗ:

ಪ್ಲಾಸ್ಟಿಕ್ ಮರ ಕೊಂಡುಬಿಡಿ. ಒಮ್ಮೆ ಖರ್ಚು, ಆಮೇಲೆ ಪ್ರತಿ ವರ್ಷ ಪೆಟ್ಟಿಗೆಯಿಂದ ತೆಗೆಯುವುದು, ಪೆಟ್ಟಿಗೆಗೆ ತುಂಬುವುದು. ಕೆಸರಿಲ್ಲ, ಕಸವಿಲ್ಲ, ಅತ್ತೆಯವರಿಗೂ ಸಮಾಧಾನ. ನಮ್ಮ ಮನೆಯದು ಮಗ ಹುಟ್ಟಿದ ವರ್ಷ ಕೊಂಡದ್ದು. ಅವನೀಗ ಕಾಲೇಜಿನಲ್ಲಿದ್ದಾನೆ, ಮರ ಇನ್ನೂ ಗ್ಯಾರೇಜಿನಲ್ಲಿದೆ.

ಕೊನೆಗಾರ:

ಲೆಕ್ಕಿಗರ ಮರ ಅಷ್ಟು ವರ್ಷ ಬಾಳಿದೆ ಎಂದರೆ ಅವರ ಮಟ್ಟಿಗೆ ಲೆಕ್ಕ ಸರಿಯೇ. ಇರುವುದನ್ನು ಎಸೆದು ಹಸಿ ಮರ ತರಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಪಿವಿಸಿಯಲ್ಲಿ ಮಾಡಿ, ಬಹುಪಾಲು ಚೀನಾದಿಂದ ಹಡಗಿನಲ್ಲಿ ಬರುವ ಆ ಮರಗಳನ್ನು ನಾಲ್ಕಾರು ವರ್ಷಕ್ಕೇ ಬಿಸಾಡುವ ಮನೆಗಳೂ ಇವೆ. ಮಲ್ಲಿಗೆಬಳ್ಳಿಯವರೋ ಒರೆಗಾನಿಗೆ ಬಂದಿದ್ದಾರೆ. ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಕ್ರಿಸ್‌ಮಸ್ ಮರ ಬೆಳೆಯುವ ರಾಜ್ಯ ಇದು, ಎರಡನೆಯದು ನಾರ್ತ್ ಕೆರೊಲೈನಾ. ಇಲ್ಲಿ ಕುಳಿತು ಪೆಟ್ಟಿಗೆಯಿಂದ ಮರ ತೆಗೆಯುವುದು ನನ್ನಂಥವನಿಗೆ ರುಚಿಸುವುದಿಲ್ಲ.

ಅತ್ತೆಯವರ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಪ್ರಶ್ನೆಗಳಲ್ಲಿ ತೂಕವಿರುವುದು ಅದೊಂದೇ, ಉಳಿದವು ಅಳತೆಪಟ್ಟಿಯಿಂದ ಬಗೆಹರಿಯುವಂಥವು. ನಾನು ಸಾಗರದ ಕಡೆಯವನು, ಅಡಿಕೆ ತೋಟದ ಮನೆಯವನು. ತೋಟಕ್ಕೂ ಕಾಡಿಗೂ ವ್ಯತ್ಯಾಸ ನಮಗೆ ಚಿಕ್ಕಂದಿನಲ್ಲೇ ತಿಳಿಯುತ್ತದೆ. ನೀವು ಹೋಗಲಿರುವ ಜಾಗ ತೋಟ. ನರ್ಸರಿಯಲ್ಲಿ ಎರಡು ಮೂರು ವರ್ಷ ಬೆಳೆಸಿದ ಸಸಿಯನ್ನು ಚಳಿಗಾಲದ ಕೊನೆಗೆ ಸಾಲು ಹಿಡಿದು ನೆಟ್ಟು, ಕಳೆ ತೆಗೆದು, ಬೇಸಿಗೆ ಬಂದಾಗ ಉದ್ದ ಕತ್ತಿಯಿಂದ ಸವರಿ ಸವರಿ ಆ ಗೋಪುರದ ಆಕಾರ ತಂದಿರುತ್ತಾರೆ. ಆರೇಳು ಅಡಿ ಎತ್ತರಕ್ಕೆ ಬರಲು ಡಗ್ಲಸ್‌ಗೆ ಆರರಿಂದ ಎಂಟು ವರ್ಷ, ನೋಬಲ್‌ಗೆ ಎಂಟರಿಂದ ಹತ್ತು ವರ್ಷ. ನೀವು ಕಡಿಯದಿದ್ದರೆ ಅದು ಕಾಡಾಗಿ ಉಳಿಯುವುದಿಲ್ಲ. ಮನೆಯ ಚಾವಣಿ ಮೀರಿ ಬೆಳೆದ ಮರವನ್ನು ಯಾರೂ ಕೊಳ್ಳುವುದಿಲ್ಲ, ತೋಟದವನೇ ಉರುಳಿಸಿ ಬೇರೆ ಬೆಳೆಗೆ ಹೋಗುತ್ತಾನೆ. ನಮ್ಮ ಈ ವಿಲಾಮೆಟ್ ಕಣಿವೆಯಲ್ಲಿ ಹಾಗೆ ಹೇಝಲ್‌ನಟ್ಟಿಗೋ ದ್ರಾಕ್ಷಿಗೋ ತಿರುಗಿದ ಹೊಲಗಳು ಬೇಕಾದಷ್ಟಿವೆ. ಕಡಿದಲ್ಲಿ ಮತ್ತೆ ನೆಡುತ್ತಾನೆ ಎಂಬುದೇ ಈ ಕಸುಬಿನ ಆಧಾರ. ಅತ್ತೆಯವರನ್ನು ವಿನಯದಿಂದಲೇ ಕೇಳಿ ನೋಡಿ: ಉತ್ಥಾನ ದ್ವಾದಶಿಗೆ ತುಳಸಿಕಟ್ಟೆಯಲ್ಲಿ ನೆಟ್ಟ ನೆಲ್ಲಿ ಕೊಂಬೆ, ಆಯುಧಪೂಜೆಗೆ ಬಾಗಿಲ ಎರಡೂ ಬದಿ ಕಟ್ಟಿದ ಬಾಳೆಕಂದು, ಇವೆಲ್ಲ ಎಲ್ಲಿಂದ ಬಂದವು, ಮರುದಿನ ಎಲ್ಲಿಗೆ ಹೋದವು?

ಇನ್ನು ಜಾತಿ. ಹೆಸರಿಗಿಂತ ಮೊದಲು ಕೈಯಿಂದ ಮುಟ್ಟಿ ನೋಡಿ. ನೋಬಲ್‌ನ ಕೊಂಬೆ ಗಟ್ಟಿ, ಅಂತಸ್ತು ಅಂತಸ್ತಾಗಿ ಇರುತ್ತದೆ, ನಡುವೆ ಗಾಳಿ ಆಡುವಷ್ಟು ಬಿಡುವು. ಸೂಜಿಯೆಲೆಗೆ ನೀಲಿ ಛಾಯೆ. ಹಿತ್ತಾಳೆಯ ಗಂಟೆ ತೂಗುಹಾಕಿದರೂ ಕೊಂಬೆ ಬಾಗುವುದಿಲ್ಲ, ನೀರು ತಪ್ಪದಿದ್ದರೆ ತಿಂಗಳಿಗೂ ಮೀರಿ ನಿಲ್ಲುತ್ತದೆ. ಡಗ್ಲಸ್ ಒತ್ತಾಗಿ, ಮೆತ್ತಗೆ ಇರುತ್ತದೆ, ಬೆಲೆಯೂ ಕಡಿಮೆ. ದೀಪದ ಸರಕ್ಕೆ, ಕಾಗದದ ನಕ್ಷತ್ರಕ್ಕೆ ಚೆನ್ನ, ಭಾರ ಹೊರಲಾರದು. ಹೆಸರಿನಲ್ಲಿ ಫರ್ ಎಂದಿದ್ದರೂ ಸಸ್ಯಶಾಸ್ತ್ರದ ಪ್ರಕಾರ ಅದು ನಿಜವಾದ ಫರ್ ಅಲ್ಲ: ಫರ್ ಮರದ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ, ಡಗ್ಲಸ್‌ನದು ಕೆಳಗೆ ಜೋತು ಬೀಳುತ್ತದೆ. ಗ್ರ್ಯಾಂಡ್‌ನ ಎಲೆ ಚಪ್ಪಟೆ, ಹೊಳಪು. ಉಜ್ಜಿದರೆ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತದೆ. ನಾರ್ಡ್‌ಮನ್ ಮತ್ತು ಟರ್ಕಿಷ್ ಫರ್‌ಗಳು ಕಾಕಸಸ್, ಟರ್ಕಿ ಕಡೆಯಿಂದ ಬಂದವು. ಕಡುಹಸಿರು, ಎಲೆ ಸುಲಭವಾಗಿ ಉದುರುವುದಿಲ್ಲ.

ಹೊರದೇಶದ ಈ ಎರಡನ್ನು ಇಲ್ಲಿ ಈಚೆಗೆ ಹೆಚ್ಚು ನೆಡುತ್ತಿರುವುದಕ್ಕೆ ಕಾರಣವಿದೆ, ಅಡಿಕೆಯವರಿಗೆ ಕೇಳಿದೊಡನೆ ಅರ್ಥವಾಗುವಂಥದ್ದು. ನೋಬಲ್‌ನ ತವರು ಕ್ಯಾಸ್ಕೇಡ್ ಪರ್ವತದ ಎತ್ತರದ ಇಳಿಜಾರು. ಅದನ್ನು ಕಣಿವೆಯ ನೀರು ನಿಲ್ಲುವ ಜೇಡಿಮಣ್ಣಿಗೆ ಇಳಿಸಿದರೆ ಬೇರು ಕೊಳೆಯುತ್ತದೆ. ಕೊಳೆಸುವುದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ. ಹೌದು, ಮಳೆಗಾಲದಲ್ಲಿ ನಮ್ಮ ಅಡಿಕೆಗೆ ಕೊಳೆರೋಗ ತರುವ ಅದೇ ಕುಲ. ನಾವು ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆದು ಬಚಾವಾಗುತ್ತೇವೆ. ಇಲ್ಲಿ ರೋಗ ಇರುವುದು ಬೇರಿನಲ್ಲಿ, ಹೊಡೆಯುವುದು ಯಾವುದಕ್ಕೆ? ನೋಬಲ್ ಬೇಕೆಂದರೆ ಗುಡ್ಡದ ಮೇಲಿನ ತೋಟಕ್ಕೆ ಹೋಗಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ತಗ್ಗಿನ ತೋಟಗಳಲ್ಲಿ ಹಳದಿ ಬಣ್ಣಕ್ಕೆ ತಿರುಗಿ, ಒಂದು ಪಕ್ಕ ಒಣಗಿದವನ್ನೂ ಕಂಡಿದ್ದೇನೆ. ಇದರ ಮೇಲೆ 2021ರ ಜೂನ್ ಬಿಸಿಲು ಬೇರೆ. ಆ ತಿಂಗಳ 28ರಂದು ಪೋರ್ಟ್‌ಲೆಂಡಿನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 46 ಸೆಲ್ಸಿಯಸ್ ದಾಟಿತ್ತು. ಆ ವರ್ಷ ನೆಟ್ಟ ಸಸಿಗಳು ಎಷ್ಟೋ ಕಡೆ ಸಾಲಿಗೆ ಸಾಲೇ ಸುಟ್ಟವು, ದೊಡ್ಡ ಮರಗಳ ಎಳೆ ಚಿಗುರು ಕಂದಿತು. ಹತ್ತು ವರ್ಷದ ಬೆಳೆಯಲ್ಲಿ ಒಂದು ವರ್ಷದ ನಷ್ಟ ಕೂಡಲೇ ಕಾಣುವುದಿಲ್ಲ, ಆ ಮರಗಳು ಅಳತೆಗೆ ಬರಬೇಕಾದ ವರ್ಷದಲ್ಲಿ ಕಾಣುತ್ತದೆ. ಯಾವ ತೋಟದಲ್ಲಾದರೂ ನೋಬಲ್ ಕಡಿಮೆ, ಬೆಲೆ ಜಾಸ್ತಿ ಎಂದು ಕಂಡರೆ ಮಾಲೀಕನ ಮೇಲೆ ಸಿಡುಕಬೇಡಿ.

ನಿಮ್ಮ ಮನೆಗೆ ನನ್ನ ಸಲಹೆ ನಾರ್ಡ್‌ಮನ್, ಆರೂವರೆ ಅಡಿಯದು. ಬಯಲಿನಲ್ಲಿ ಆಕಾಶದ ಕೆಳಗೆ ನಿಂತ ಮರ ಚಿಕ್ಕದಾಗಿಯೇ ಕಾಣುತ್ತದೆ, ಮನೆಗೆ ತಂದರೆ ಬಾಗಿಲಿನಲ್ಲಿ ತೂರುವುದಿಲ್ಲ. ಸ್ಟ್ಯಾಂಡಿಗೂ ತುದಿಯ ನಕ್ಷತ್ರಕ್ಕೂ ಸೇರಿ ಒಂದು ಅಡಿ ಬಿಡಬೇಕು. ಅಗಲವನ್ನಂತೂ ಎಲ್ಲರೂ ಮರೆಯುತ್ತಾರೆ: ಏಳು ಅಡಿಯ ತುಂಬಿದ ಮರ ಬುಡದಲ್ಲಿ ಐದು ಅಡಿ ಹರಡಿರುತ್ತದೆ. ಸೋಫಾ ಸರಿಸಿ, ನೆಲದಲ್ಲಿ ಜಾಗ ಅಳೆದು, ಆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತೋಟದಲ್ಲಿ ಅಳತೆಯ ಕೋಲು ಕೊಡುತ್ತಾರೆ. ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ಬುಡ ನೋಡಿ. ಕೆಳಗಿನ ಎಂಟು ಅಂಗುಲ ನೇರವಾಗಿರಬೇಕು, ಇಲ್ಲದಿದ್ದರೆ ಸ್ಟ್ಯಾಂಡಿನಲ್ಲಿ ವಾಲುತ್ತದೆ. ಒಂದು ಪಕ್ಕ ಬೋಳಾಗಿದ್ದರೆ ಬಿಡಬೇಡಿ, ಗೋಡೆಯ ಕಡೆ ತಿರುಗಿಸಿದರಾಯಿತು. ಒಳಗೆ ಕಂದು ಎಲೆ ಉದುರುವುದು ಸಹಜ, ಅದು ಹಳೆಯ ಎಲೆ. ತುದಿಯ ಹಸಿರು ಎಲೆಯನ್ನು ಬಾಗಿಸಿದಾಗ ಚಟಕ್ಕನೆ ಮುರಿಯಬೇಕು.

ಕಡಿಯುವುದಕ್ಕೆ ಗಂಡಸುತನವೇನೂ ಬೇಕಾಗಿಲ್ಲ. ಗರಗಸ ತೋಟದವರೇ ಕೊಡುತ್ತಾರೆ, ಯಂತ್ರದ ಗರಗಸಕ್ಕೆ ಸಾಮಾನ್ಯವಾಗಿ ಅನುಮತಿ ಇಲ್ಲ. ಬೇಕಾದದ್ದು ನೆಲಕ್ಕೆ ಹಾಸಲು ಒಂದು ಟಾರ್ಪಾಲು, ಏಕೆಂದರೆ ಕಡಿಯುವವರು ನೆಲದ ಮೇಲೆ ಮಲಗಲೇಬೇಕು, ಡಿಸೆಂಬರಿನಲ್ಲಿ ಇಲ್ಲಿಯ ನೆಲ ಪಾಯಸ. ಮರ ಬೀಳಬೇಕಾದ ಕಡೆಯಿಂದ ಮೊದಲು ಒಂದಿಷ್ಟು ಕೊಯ್ಯಿರಿ, ಆಮೇಲೆ ಎದುರು ಕಡೆಯಿಂದ ಪೂರ್ತಿ. ಇನ್ನೊಬ್ಬರು ಮರದ ನಡುಭಾಗ ಹಿಡಿದು, ಕೊಯ್ತದಿಂದ ಆಚೆಗೆ ಮೆಲ್ಲಗೆ ಎಳೆಯುತ್ತಿರಬೇಕು. ಎಳೆಯದಿದ್ದರೆ ಗರಗಸ ಕಚ್ಚಿಕೊಳ್ಳುತ್ತದೆ, ಜಾಸ್ತಿ ಎಳೆದರೆ ತೊಗಟೆ ಸಿಗಿಯುತ್ತದೆ. ಮೊದಲ ಕೊಯ್ತ ಮಗಳಿಗೆ ಬಿಡಿ. ಕೊನೆಯದನ್ನು ದೊಡ್ಡವರು ಮಾಡಲಿ.

ಅಲ್ಲಾಡಿಸುವ ಯಂತ್ರವಿದ್ದರೆ ಬೇಡ ಎನ್ನಬೇಡಿ, ಒಣ ಎಲೆ, ಹುಳು ಎಲ್ಲ ಅಲ್ಲೇ ಉದುರುತ್ತವೆ. ಬಲೆ ಸುತ್ತಿಸಿಕೊಳ್ಳಿ. ಕಾರಿನ ಮೇಲೆ ಹಳೆಯ ಕಂಬಳಿ ಹಾಸಿ, ಬುಡ ಮುಂದಕ್ಕೆ, ತುದಿ ಹಿಂದಕ್ಕೆ ಇರಲಿ. ತಿರುಗಾಮುರುಗಾ ಇಟ್ಟರೆ ಗಾಳಿ ಕೊಂಬೆಗಳನ್ನು ಬಿಡಿಸಿ ಹಾಕುತ್ತದೆ. ಬಾಗಿಲು ತೆಗೆದು ಪಟ್ಟಿಯನ್ನು ಒಳಗಿನಿಂದ ಹಾಯಿಸಿ ಕಟ್ಟಿ. ಕಿಟಕಿಯಲ್ಲಿ ಹಾಯಿಸಿ ಬಿಗಿದರೆ ಬಾಗಿಲು ತೆರೆಯುವಂತಿಲ್ಲ. ಹಾಗೆ ಬಿಗಿದು, ಕಿಟಕಿಯಿಂದ ತೂರಿಕೊಂಡು ಒಳಗೆ ಹೋದ ಸಂಸಾರಗಳನ್ನು ಪ್ರತಿ ವರ್ಷ ನೋಡುತ್ತೇನೆ, ಅದೊಂದು ಬಿಟ್ಟಿ ಮನರಂಜನೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ಜಾತಿ ಯಾವುದೇ ಇರಲಿ, ಮರದ ಆಯುಷ್ಯ ನಿರ್ಧಾರವಾಗುವುದು ಮೊದಲ ದಿನದ ನೀರಿನಲ್ಲಿ. ಕಡಿದು ಆರೆಂಟು ಗಂಟೆಯೊಳಗೆ ಬುಡ ನೀರಿನಲ್ಲಿರಬೇಕು. ತಡವಾದರೆ ಅರ್ಧ ಅಂಗುಲದ ಬಿಲ್ಲೆಯನ್ನು ಅಡ್ಡಲಾಗಿ ಹೊಸದಾಗಿ ಕೊಯ್ದು ನಿಲ್ಲಿಸಿ. ಕಾಂಡದ ವ್ಯಾಸದ ಪ್ರತಿ ಅಂಗುಲಕ್ಕೆ ಒಂದು ಕ್ವಾರ್ಟ್ ನೀರು ಹಿಡಿಯುವ ಸ್ಟ್ಯಾಂಡ್ ಬೇಕು: ನಾಲ್ಕು ಅಂಗುಲದ ಕಾಂಡಕ್ಕೆ ಒಂದು ಗ್ಯಾಲನ್, ಹತ್ತಿರ ಹತ್ತಿರ ನಾಲ್ಕು ಲೀಟರ್. ಮರಕ್ಕಿಂತ ಮೊದಲು ಸ್ಟ್ಯಾಂಡ್ ಕೊಳ್ಳಿ. ಸ್ಟ್ಯಾಂಡ್ ಚಿಕ್ಕದಾಯಿತೆಂದು ಬುಡದ ತೊಗಟೆ ಕೆತ್ತುವವರಿದ್ದಾರೆ. ನೀರು ಏರುವುದು ತೊಗಟೆಯ ಒಳಗಿನ ಹೊರಪದರದ ಮರದಲ್ಲಿ, ಅದನ್ನೇ ಕೆತ್ತಿ ಎಸೆದರೆ ಕುಡಿಯುವುದು ಹೇಗೆ? ನಡುವೆ ತೂತು ಕೊರೆಯುವುದೂ ದಂಡ. ಸಕ್ಕರೆ, ಆಸ್ಪಿರಿನ್ ಎಂದು ನಂಬಿಕೆಗಳು ಹಲವು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪುಯಾಲಪ್ ಕೇಂದ್ರದಲ್ಲಿ ಗ್ಯಾರಿ ಚಾಸ್ಟಾಗ್ನರ್ ಎಂಬ ವಿಜ್ಞಾನಿ ದಶಕಗಳ ಕಾಲ ಕಡಿದ ಮರಗಳ ಎಲೆ ಉದುರುವುದನ್ನೇ ಅಧ್ಯಯನ ಮಾಡಿದರು. ಅಲ್ಲಿಂದ ಬರುವ ಸಲಹೆ ಇಷ್ಟೇ: ಬರಿಯ ನಲ್ಲಿ ನೀರು, ಬುಡ ಎಂದೂ ನೀರಿನಿಂದ ಮೇಲೆ ಬರಬಾರದು. ಹೀಟರಿನ ಗಾಳಿ ಬಡಿಯುವ ಜಾಗದಲ್ಲಿ ನಿಲ್ಲಿಸಬೇಡಿ.

ಥ್ಯಾಂಕ್ಸ್‌ಗಿವಿಂಗ್‌ನ ಮರುದಿನ ಮಾತ್ರ ಹೋಗಬೇಡಿ. ಬಿಸಿ ಚಾಕೊಲೇಟು, ಹುಲ್ಲಿನ ಗಾಡಿ, ಸಾಂತಾನ ಜೊತೆ ಫೋಟೋ, ಎಲ್ಲದಕ್ಕೂ ಸರದಿ. ಮರ ನೋಡುವ ಹೊತ್ತಿಗೆ ಕತ್ತಲೆ. ಡಿಸೆಂಬರ್ ಮೊದಲ ವಾರ, ಸಾಧ್ಯವಾದರೆ ವಾರದ ನಡುವೆ ಹೋಗಿ. ತೀರ ತಡ ಮಾಡಿದರೂ ಕಷ್ಟ, ಎರಡನೇ ವಾರಾಂತ್ಯಕ್ಕೆ ಎಷ್ಟೋ ತೋಟಗಳು ಆ ವರ್ಷದ ಮರ ಮುಗಿಯಿತೆಂದು ಗೇಟು ಹಾಕುತ್ತವೆ. ಫೋನ್ ಮಾಡಿಯೇ ಹೊರಡಿ, ಕೆಲವೆಡೆ ನಗದು ಅಥವಾ ಚೆಕ್ ಮಾತ್ರ ತೆಗೆದುಕೊಳ್ಳುತ್ತಾರೆ.

ಕುಲಶೇಖರದವಳು:

ಕೊನೆಗಾರರ ನೀರಿನ ಪಾಠಕ್ಕೆ ನನ್ನ ಪೂರ್ತಿ ಸಮ್ಮತಿ. ಶುಕ್ರವಾರದ ಬಗ್ಗೆ ಸಮ್ಮತಿ ಇಲ್ಲ. ನಮ್ಮ ನಾಲ್ಕು ಮನೆಯವರು ಒಟ್ಟಿಗೆ ಹೋಗುವುದೇ ಆ ದಿನ, ಆ ಗದ್ದಲವೇ ನಮಗೆ ಹಬ್ಬ. ಮಕ್ಕಳಿಗೆ ಸಾಂತಾ ಬೇಕು, ಅವರ ಫೋಟೋ ಮಂಗಳೂರಿನ ಅಜ್ಜಿಗೆ ಬೇಕು. ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಅಲ್ಲಿದ್ದರೆ ಸರದಿಯೂ ಇರುವುದಿಲ್ಲ. ಆದರೆ ನಾವು ಅಂದು ಮರವನ್ನು ಗುರುತು ಹಾಕಿ, ಹೆಸರಿನ ಪಟ್ಟಿ ಕಟ್ಟಿ ಬರುತ್ತೇವೆ, ಕಡಿಯುವುದು ಎರಡು ವಾರದ ಮೇಲೆ. ಹಾಗೆ ಕಾದಿರಿಸಲು ಬಿಡುವ ತೋಟಗಳಿವೆ, ಕೇಳಿ ನೋಡಿ.

ಎರಡು ವಾರ ತಡೆಯುವುದಕ್ಕೆ ಕಾರಣ ನಮ್ಮ ಪಂಚಾಂಗ. ಊರಿನಲ್ಲಿ ಫರ್ ಎಲ್ಲಿತ್ತು? ಗಾಳಿಮರದ ಕೊಂಬೆಯನ್ನು ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ, ಹತ್ತಿಯನ್ನು ಹಿಮವೆಂದು ಹರಡುತ್ತಿದ್ದೆವು. ಮರ ಹೇಗಿದ್ದರೂ ನಡೆಯುತ್ತಿತ್ತು, ಮುಖ್ಯವಾದದ್ದು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಚಿಕ್ಕ ತಟ್ಟೆಗಳಲ್ಲಿ ಭತ್ತ, ರಾಗಿ ಮೊಳಕೆ ಬರಿಸಿ ಅದರಲ್ಲಿ ಗದ್ದೆ ಮಾಡುತ್ತಿದ್ದೆವು, ಬಾವಿಕಟ್ಟೆಯ ಪಾಚಿಯಿಂದ ಗುಡ್ಡ. ಬಾಲಯೇಸು ಬರುವುದು 24ರ ನಡುರಾತ್ರಿ, ಎಲ್ಲವನ್ನೂ ತೆಗೆಯುವುದು ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ. ಇಲ್ಲಿ ಅಮೆರಿಕದ ಮನೆಗಳಲ್ಲಿ 26ಕ್ಕೇ ಮರ ಬೀದಿಗೆ ಬರುವುದನ್ನು ಕಂಡಾಗ ನನಗೆ ಈಗಲೂ ಕಸಿವಿಸಿ. ನವೆಂಬರಿನಲ್ಲಿ ಕಡಿದು ಜನವರಿ 6ರವರೆಗೆ ಇಡುವುದು ಯಾವ ಮರಕ್ಕೂ ಕಠಿಣ. ಡಿಸೆಂಬರ್ ನಡುವಿನಲ್ಲಿ ಕಡಿದ ನೋಬಲ್ ಆರಾಮವಾಗಿ ನಿಲ್ಲುತ್ತದೆ. ಗ್ರ್ಯಾಂಡ್‌ನ ವಾಸನೆಗೆ ನಾನು ಮರುಳಾದವಳು, ಆದರೆ ಅದು ಬೇಗ ಒಣಗುತ್ತದೆ. ಅದಕ್ಕೇ ಗ್ರ್ಯಾಂಡ್‌ನ ಒಂದಿಷ್ಟು ಕೆಳಕೊಂಬೆಗಳನ್ನು ಮಾತ್ರ ತಂದು ಗೋದಲಿಯ ಹಿಂದೆ ಜೋಡಿಸುತ್ತೇನೆ. ಗ್ರಾಹಕರು ಬಿಟ್ಟುಹೋದ ಕೊಂಬೆಗಳ ರಾಶಿ ತೋಟದಲ್ಲಿ ಇರುತ್ತದೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ಕೈಗೆ ಅಂಟಿದ ಮರದ ಮೇಣ ಸೋಪಿಗೆ ಬಗ್ಗುವುದಿಲ್ಲ. ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ. ಮಕ್ಕಳ ಕೂದಲಿಗೆ ಅಂಟಿದರೂ ಇದೇ ಮದ್ದು. ಒಳ್ಳೆಯ ಕೋಟು ಹಾಕಿಕೊಂಡು ಹೋಗಬೇಡಿ. ಇನ್ನೊಂದು ಮಾತು, ಬಾಡಿಗೆ ಮನೆ ಎಂದಿದ್ದೀರಿ: ಕರಾರು ಪತ್ರವನ್ನು ಒಮ್ಮೆ ಓದಿ. ಬೆಂಕಿಯ ಭಯಕ್ಕೆ ಹಸಿ ಮರ ತರಬಾರದೆಂದು ಬರೆದಿರುವ ಅಪಾರ್ಟ್‌ಮೆಂಟುಗಳಿವೆ. ನಾವು ಮೊದಲು ಇದ್ದ ಕಡೆ ಹಾಗೇ ಇತ್ತು, ಆ ವರ್ಷಗಳೆಲ್ಲ ಕುಂಡದ ರೋಸ್‌ಮೆರಿ ಗಿಡಕ್ಕೆ ನಕ್ಷತ್ರ ಕಟ್ಟಿದೆವು.

ಬೆಟ್ಟದದಾರಿ:

ಮಗಳು ನಾಲ್ಕನೇ ತರಗತಿ ಎಂದಿರಲ್ಲ, ಅದನ್ನು ಯಾರೂ ಗಮನಿಸಲಿಲ್ಲವೇ? ಅಮೆರಿಕದಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ರಾಷ್ಟ್ರೀಯ ಉದ್ಯಾನಗಳಿಗೆ ಉಚಿತ ಪ್ರವೇಶದ ಪಾಸು ಸಿಗುತ್ತದೆ. ಅದೇ ಪಾಸಿನ ಮೇಲೆ ರಾಷ್ಟ್ರೀಯ ಅರಣ್ಯದಲ್ಲಿ ಒಂದು ಕ್ರಿಸ್‌ಮಸ್ ಮರದ ಪರವಾನಗಿಯೂ ಉಚಿತ. ಮೌಂಟ್ ಹುಡ್ ರಾಷ್ಟ್ರೀಯ ಅರಣ್ಯದಲ್ಲಿ ಉಳಿದವರಿಗೂ ಮರಕ್ಕೆ 5 ಡಾಲರ್ ಅಷ್ಟೇ, ಆನ್‌ಲೈನಿನಲ್ಲಿ ತೆಗೆದುಕೊಂಡರೆ ಮೇಲೆ ಸಣ್ಣ ಶುಲ್ಕವೊಂದು ಸೇರುತ್ತದೆ.

ಆದರೆ ಅಲ್ಲಿ ಗೋಪುರದಂತೆ ಸವರಿದ ಮರ ಸಿಗುವುದಿಲ್ಲ. ಕಾಡಿನ ನೋಬಲ್ ವಿರಳ ಕೊಂಬೆಯದು, ಒಂದು ಕಡೆ ತುಂಬಿದ್ದರೆ ಇನ್ನೊಂದು ಕಡೆ ಖಾಲಿ. ನನಗೆ ಅದೇ ಚಂದ. 12 ಅಡಿ ಮೀರಬಾರದು, ಬುಡವನ್ನು ನೆಲಕ್ಕೆ ಹತ್ತಿರವಾಗಿ ಕೊಯ್ಯಬೇಕು, ದೊಡ್ಡ ಮರದ ತುದಿ ಮಾತ್ರ ಕತ್ತರಿಸಿ ತರುವಂತಿಲ್ಲ, ಕಾರಿಗೆ ಏರಿಸುವ ಮುಂಚೆ ಪರವಾನಗಿಯ ಚೀಟಿ ಮರಕ್ಕೆ ಕಟ್ಟಿರಬೇಕು. ದೊಡ್ಡ ಮರಗಳ ನೆರಳಿನಲ್ಲಿ ಒತ್ತಾಗಿ ನಿಂತ ಎಳೆಯ ಮರಗಳಲ್ಲಿ ಒಂದನ್ನು ಆರಿಸಿದರೆ ಉಳಿದವಕ್ಕೆ ಬೆಳಕು ಸಿಗುತ್ತದೆ. ಅರಣ್ಯದವರು ಇದಕ್ಕೆ ಅನುಮತಿ ಕೊಡುವುದಕ್ಕೆ ಅದೂ ಒಂದು ಕಾರಣ. ಅತ್ತೆಯವರಿಗೆ ಇದನ್ನು ಹೇಳಿ ನೋಡಿ.

ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಸ್ನೋ-ಪಾರ್ಕ್ ಎಂಬ ಹಿಮಪ್ರದೇಶದ ನಿಲುಗಡೆ ಜಾಗಗಳಲ್ಲಿ ಕಾರು ನಿಲ್ಲಿಸಲು ಬೇರೆ ಪರವಾನಗಿ ಬೇಕು. ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸರಪಳಿ ಇರಲಿ. ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ, ಫೋನಿಗೆ ಸಂಕೇತ ಸಿಗುವುದಿಲ್ಲ, ನಕ್ಷೆಯನ್ನು ಮುದ್ರಿಸಿಕೊಂಡು ಹೋಗಿ. ಟೆಕ್ಸಾಸಿನಿಂದ ಬಂದ ಮೊದಲ ಚಳಿಗಾಲ, ಚಿಕ್ಕ ಸೆಡಾನ್ ಎಂದರೆ ಸ್ವಲ್ಪ ಯೋಚಿಸಿ. ಪಾಸು ಈ ವರ್ಷಕ್ಕೆ ಮಾತ್ರ ಎಂಬುದನ್ನೂ ಯೋಚಿಸಿ!

ಮಲ್ಲಿಗೆಬಳ್ಳಿ:

ಇಷ್ಟೊಂದು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ಕರಾರು ಪತ್ರ ನೋಡಿದೆ, ಮರಕ್ಕೆ ಅಡ್ಡಿ ಇಲ್ಲ. ಬೆಟ್ಟದ ಪ್ರಸ್ತಾಪ ಕೇಳಿ ಮಗಳು ಕುಣಿದಳು, ಸರಪಳಿ ಎಂಬ ಮಾತು ಕೇಳಿ ಗಂಡ ಕುಳಿತುಬಿಟ್ಟರು. ಹಾಗಾಗಿ ಈ ವರ್ಷ ತೋಟವೇ.

ಕೊನೆಗಾರರೇ, ನೆಲ್ಲಿ ಕೊಂಬೆಯ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಒಂದು ಕ್ಷಣವೂ ತಡೆಯಲಿಲ್ಲ. "ನೆಲ್ಲಿಯಲ್ಲಿ ಕೊಂಬೆ ಮುರಿಯುತ್ತೇವೆ, ಮರ ಉಳಿಯುತ್ತದೆ. ಬಾಳೆ ಕಡಿದರೆ ಪಕ್ಕದಲ್ಲೇ ಕಂದು ಏಳುತ್ತದೆ. ನಿಮ್ಮ ಈ ಮರ ಬುಡದಿಂದ ಮತ್ತೆ ಚಿಗುರುತ್ತದೆಯೇ, ಕೇಳು ಅವರನ್ನು" ಎಂದರು. ಕೇಳುತ್ತಿದ್ದೇನೆ. ಜೊತೆಗೆ, ನೀವು ಹುಳು ಎಂದಿರಿ. ಯಾವ ಹುಳು? ಹಬ್ಬ ಮುಗಿದ ಮೇಲೆ ಮರವನ್ನು ಏನು ಮಾಡುವುದು?

ಕೊನೆಗಾರ:

ಅತ್ತೆಯವರ ಜೊತೆ ವಾದಕ್ಕೆ ನಿಲ್ಲುವುದು ಕಷ್ಟವೇ. ಅವರ ಆಕ್ಷೇಪ ಸರಿಯಾಗಿದೆ. ಆದರೆ ಉತ್ತರವೂ ಇದೆ: ಚಿಗುರುತ್ತದೆ, ಕಡಿಯುವ ರೀತಿಯಲ್ಲಿ ಕಡಿದರೆ. ನೆಲಮಟ್ಟಕ್ಕೆ ಕಡಿದರೆ ಈ ಮರಗಳು ಸಾಯುತ್ತವೆ. ಕೆಳಗಿನ ಒಂದು ಸುತ್ತು ಹಸಿರು ಕೊಂಬೆಗಳನ್ನು ಬುಡಕ್ಕೇ ಬಿಟ್ಟು ಅದರ ಮೇಲಿನಿಂದ ಕೊಯ್ದರೆ ಬೇರು ಜೀವಂತವಾಗಿ ಉಳಿಯುತ್ತದೆ. ಉಳಿದ ಕೊಂಬೆಗಳಲ್ಲಿ ಒಂದು ಮೇಲಕ್ಕೆ ತಿರುಗುತ್ತದೆ, ಇಲ್ಲವೇ ಬುಡದಿಂದ ಹೊಸ ಚಿಗುರು ಏಳುತ್ತದೆ. ಅದರಲ್ಲಿ ನೇರವಾದದ್ದನ್ನು ಇಟ್ಟುಕೊಂಡು ಮಿಕ್ಕವನ್ನು ತೋಟದವರು ಸವರುತ್ತಾರೆ. ಬೇರು ಆಗಲೇ ಬಲಿತಿರುವುದರಿಂದ ಹೊಸ ಸಸಿಗಿಂತ ಬೇಗ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ ಸಿಯೆರಾ ತಪ್ಪಲಿನ ತೋಟಗಳಲ್ಲಿ ಇದು ಹಳೆಯ ಪದ್ಧತಿ. ಇಲ್ಲಿ ಬಹುತೇಕರು ಹೊಸ ಸಸಿಯನ್ನೇ ನೆಡುತ್ತಾರೆ, ಆದ್ದರಿಂದ ನೀವಾಗಿ ಹಾಗೆ ಕಡಿಯಲು ಹೋಗಬೇಡಿ. ಫೋನ್ ಮಾಡುವಾಗ, "ಬುಡದಲ್ಲಿ ಕೊಂಬೆ ಬಿಟ್ಟು ಕಡಿಯಬಹುದೇ" ಎಂದು ಕೇಳಿ. ಒಪ್ಪುವ ಸಣ್ಣ ತೋಟ ಸಿಕ್ಕರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಎಲ್ಲಿಂದ ಕೊಯ್ಯಬೇಕೆಂದು ಅವರೇ ತೋರಿಸಲಿ. ಹಾಗೆ ಕಡಿಯುವುದಾದರೆ ಒಂದು ಅಡಿ ಹೆಚ್ಚು ಎತ್ತರದ ಮರವನ್ನೇ ಆರಿಸಿ, ಕೆಳಗಿನ ಅಡಿ ಅಲ್ಲೇ ಉಳಿಯುತ್ತದೆ. ಅಂದರೆ ನಿಂತ ಮರ ಏಳೂವರೆ ಅಡಿ ಇರಲಿ.

ಹುಳು ಎಂದರೆ ಹೆಚ್ಚಾಗಿ ಸಿನಾರ ಎಂಬ ಕಂದು ಸಸ್ಯಹೇನು. ಚಳಿಗೆ ಮುದುಡಿ ಕುಳಿತದ್ದು ಮನೆಯ ಬಿಸಿಗೆ ವಸಂತ ಬಂತೆಂದು ಓಡಾಡತೊಡಗುತ್ತದೆ. ನೋಡಿದವರು ರಕ್ತ ಹೀರುವ ಉಣ್ಣಿ ಎಂದು ಗಾಬರಿಯಾಗುತ್ತಾರೆ. ಕಾಲು ಎಣಿಸಿ, ಉಣ್ಣಿಗೆ ಎಂಟು, ಇದಕ್ಕೆ ಆರು. ಕಚ್ಚುವುದಿಲ್ಲ. ಕಾರ್ಪೆಟ್ ಮೇಲೆ ಮಾತ್ರ ಹೊಸಕಬೇಡಿ, ಕಲೆ ಉಳಿಯುತ್ತದೆ. ವ್ಯಾಕ್ಯೂಮಿನಲ್ಲಿ ಎಳೆದುಬಿಡಿ. ಮರವನ್ನು ಒಂದು ರಾತ್ರಿ ಗ್ಯಾರೇಜಿನಲ್ಲಿ ಬಕೆಟ್ ನೀರಿನಲ್ಲಿ ನಿಲ್ಲಿಸಿ, ಕೊಡವಿ ಒಳಗೆ ತಂದರೆ ಈ ಕಾಟ ಅರ್ಧಕ್ಕರ್ಧ ಕಡಿಮೆ.

ಕೊನೆಗೆ ಮರವನ್ನು ತುಂಡು ಮಾಡಿ ಹಸಿರು ಕಸದ ಡಬ್ಬಿಗೆ ಹಾಕಬಹುದು, ಚೂರು ಮಾಡಿ ಗೊಬ್ಬರಕ್ಕೆ ಒಯ್ಯುತ್ತಾರೆ. ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಮೀನುಗಳ ನೆಲೆ ಕಾಪಾಡುವ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆಯ ಟುವಾಲಟಿನ್ ಕಣಿವೆಯ ಘಟಕ ಜನವರಿಯಲ್ಲಿ ಮರಗಳನ್ನು ಸಂಗ್ರಹಿಸಿ, ಕರಾವಳಿಯ ಸೀಸೈಡ್ ಬಳಿ ನೆಕಾನಿಕಮ್ ನದಿಯ ಪಕ್ಕದ ಜೌಗಿನಲ್ಲಿ ಮುಳುಗಿಸುತ್ತದೆ. ಕೊಹೊ ಸಾಲ್ಮನ್ ಮೀನಿನ ಮರಿಗಳು ಹಕ್ಕಿಗಳ ಕಣ್ಣಿಗೆ ಬೀಳದೆ ಆ ಕೊಂಬೆಗಳೊಳಗೆ ಅವಿತುಕೊಳ್ಳುತ್ತವೆ, ಎಲೆ ಕೊಳೆತಲ್ಲಿ ಹುಟ್ಟುವ ಹುಳುಗಳನ್ನು ತಿನ್ನುತ್ತವೆ. ಮರದ ಮೇಲೆ ಕೃತಕ ಹಿಮ, ಜರಿ, ತಂತಿ ಏನೂ ಇರಬಾರದು. ಬೀದಿಗೆ ಎಸೆಯುತ್ತೀರಾ ಎಂದು ಕೇಳಿದ ಅತ್ತೆಯವರಿಗೆ ಇದನ್ನೂ ಓದಿ ಹೇಳಿ. ಅವರು ಇದಕ್ಕೆ ಏನು ತಕರಾರು ತೆಗೆಯುತ್ತಾರೆಂದು ತಿಳಿಯುವ ಕುತೂಹಲ ನನಗಿದೆ.

ಬುಧವಾರ ಮಧ್ಯಾಹ್ನದವರೆಗೆ ಮಳೆ ಬಿಡುವು ಕೊಡುತ್ತದೆ ಎಂದು ಹವಾಮಾನದವರು ಹೇಳುತ್ತಿದ್ದಾರೆ. ರಜೆ ಸಿಕ್ಕರೆ ಅಂದೇ ಹೊರಡಿ.